ಅಕ್ಕನ ಧಾಬಳಿ

ಪ್ರಾಣೇಶ ಅಡುಗೆಮನೆಯ ಹೊಸ್ತಿಲ ಬಳಿ ಬಂದರೆ ಸಾಕು, ಕಾತ್ಯಾಯನಿ ಮುಖ ತಿರುಗಿಸಿ ಒಳಗೆ ಸರಿದುಬಿಡುತ್ತಿದ್ದಳು. ಆ ಬೆಳಿಗ್ಗೆಯೂ ಹಾಗೇ ಆಯಿತು. ಅವನು ತರಕಾರಿ ಚೀಲ ಕೆಳಗಿಟ್ಟ.

“ನಾನು ಬಂದ್ರೆ ಅಷ್ಟು ಬೇಜಾರಾ? ಹೇಳಿಬಿಡು ಕಾತ್ಯಾ. ಈ ಮದುವೆ ಬೇಡ ಅಂತ ಅತ್ತೆಗೆ ನಾನೇ ಹೇಳ್ತೀನಿ.”

ಅವಳು ಏನು ಹೇಳಿಯಾಳು? ಹೊದ್ದ ಉಣ್ಣೆಯ ಧಾಬಳಿಯೊಳಗೆ ಎರಡೂ ಮೊಣಕೈ ಸಂದು ಉರಿಯುತ್ತಿದ್ದವು. ಪ್ರೀತಿಸಿದವನ ಎದುರು ಪರಪರ ಕೆರೆದುಕೊಳ್ಳಲು ಯಾವ ಹೆಣ್ಣಿಗೆ ಮನಸ್ಸು ಬರುತ್ತದೆ!

ಕರ್ನಾಟಕದ ಯಾತ್ರಿಕರಿಗೆ ಗಂಗೆಯ ಘಾಟಿನಲ್ಲಿ ಪ್ರಾಣೇಶ ಕರ್ಮ ಮಾಡಿಸಿದರೆ, ಶಿವಾಲ ಓಣಿಯ ಈ ಮನೆಯಲ್ಲಿ ತುಳಸಮ್ಮ ಮತ್ತು ಮಗಳು ಕಾತ್ಯಾಯನಿಯ ಮಡಿ ಅಡುಗೆ. ಚಳಿಗಾಲದ ಮಂಜಿಗೆ ಹತ್ತಿ ಸೀರೆ ಒಣಗುವುದಿಲ್ಲ. ಉಣ್ಣೆಯ ಧಾಬಳಿಗೆ ಆ ರಗಳೆಯಿಲ್ಲ, ಒಗೆಯದಿದ್ದರೂ ಮಡಿಯೇ. ಈ ಧಾಬಳಿ ಅಕ್ಕ ವಿಶಾಲಾಕ್ಷಿಯದು. ಪ್ರಾಣೇಶನ ಹೆಂಡತಿಯಾಗಿದ್ದ ಅಕ್ಕ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಳು. ಈಗ ಅವನನ್ನೇ ಮದುವೆಯಾಗೆಂದು ತುಳಸಮ್ಮ ಚಿಕ್ಕ ಮಗಳನ್ನು ಕೇಳಿದ್ದರು. ಸಂಕ್ರಾಂತಿಯೊಳಗೆ ಉತ್ತರ ಬೇಕಿತ್ತು.

ಮದುವೆಯ ಮಾತು ಎದ್ದ ವಾರವೇ ಕಡಿತ ಶುರುವಾಗಿತ್ತು. ಧಾಬಳಿ ಹೊದ್ದರೆ ಮೊದಲು ಅಕ್ಕನ ವಾಸನೆ, ಸೀಗೆಕಾಯಿ, ಇಂಗು. ಆಮೇಲೆ ಅಕ್ಕನ ಉಗುರು. ಹೌದು, ಉಗುರೇ.

“ಅಕ್ಕಂಗೆ ಇಷ್ಟವಿಲ್ಲ, ಭಾವ,” ಎಂದು ಕೊನೆಗೂ ತೋಳು ಚಾಚಿದಳು. ಚರ್ಮ ಕೆಂಪಗೆ ದಪ್ಪಗಾಗಿ, ಅಲ್ಲಲ್ಲಿ ರಕ್ತ ಒಣಗಿತ್ತು.

ಪ್ರಾಣೇಶ ಬಿಳಿಚಿಕೊಂಡ. “ವಿಶಾಲು ಹೀಗ್ ಮಾಡೋಳಾ? ಸೊಳ್ಳೆ ಹೊಡೆಯೋಕೂ ಅಯ್ಯೋ ಪಾಪ ಅಂತಿದ್ಲು! ಚಾದರ ಹೊದ್ಕೋ, ಸೋನಾರ್‌ಪುರದ ಡಾಕ್ಟರ್ನಿ ಹತ್ರ ಹೋಗೋಣ.”

“ಎಕ್ಸಿಮಾ ಹೈ. ಊನ್ ಬಂದ್, ಗರಮ್ ಪಾನೀ ಬಂದ್,” ಎಂದು ಡಾಕ್ಟರ್ನಿ ಗದರಿದರು. ಇದು ಇಸುಬು, ಉಣ್ಣೆಯೂ ಬೇಡ, ಬಿಸಿನೀರೂ ಬೇಡ. ತುರಿಕೆಗೆ ಕೆರೆತ, ಕೆರೆತದಿಂದ ಮತ್ತೆ ತುರಿಕೆ, ಇದನ್ನು ಮುರಿಯಬೇಕು. ಉಗುರು ಕತ್ತರಿಸಬೇಕು. ಉಗುರುಬೆಚ್ಚಗಿನ ನೀರಲ್ಲಿ ಮಿಂದು, ಮೈ ಪಸೆ ಆರುವ ಮುಂಚೆ ವ್ಯಾಸಲೀನ್ ಹಚ್ಚಬೇಕು. ಕೆಂಪಗಾದಲ್ಲಿ ಮುಲಾಮು, ಮಲಗುವಾಗ ಅದರ ಮೇಲೆ ಒದ್ದೆ ಹತ್ತಿಬಟ್ಟೆ.

ಮಾರನೆಯ ದಿನದಿಂದ ಪ್ರಾಣೇಶನಿಗೆ ಹೊಸ ಕೆಲಸ. ತಾನೂ ಮಡಿಯಲ್ಲಿ ಕೂತು, ಅಂಗೀಠಿಯ ಕೆಂಡದ ಮೇಲೆ ಅವಳ ಹತ್ತಿ ಸೀರೆ ಒಣಗಿಸುವುದು. ಒಣಗಿದ ಸೀರೆಯನ್ನು ಮಡಿಕೋಲಿನ ತುದಿಯಲ್ಲಿ ಅವನು ಚಾಚುತ್ತಿದ್ದ. ಅವಳು ಬೇಕೆಂದೇ ನಿಧಾನವಾಗಿ ತೆಗೆದುಕೊಳ್ಳುತ್ತಿದ್ದಳು. ಕೋಲಿನ ಆ ತುದಿಯಿಂದ ಈ ತುದಿಗೆ ನೋಟಗಳು ಓಡಾಡುತ್ತಿದ್ದವು. ತುಳಸಮ್ಮ ಕಂಡರೂ ಕಾಣದವರಂತೆ ಬೇಳೆ ಆರಿಸುತ್ತಿದ್ದರು.

ಚರ್ಮ ಮೆತ್ತಗಾಯಿತು. ಕಾತ್ಯಾಯನಿಗೆ ನಿದ್ದೆ ಹತ್ತಿತು. ಹೀಗಿರುವಾಗ ಸಂಕ್ರಾಂತಿಯ ಹಿಂದಿನ ಬೆಳಿಗ್ಗೆ, ಹೊರಗಿಂದ ಬಂದ ಪ್ರಾಣೇಶ ಹೊಸ್ತಿಲಲ್ಲೇ ನಿಂತುಬಿಟ್ಟ. ಅವಳು ಮತ್ತೆ ಧಾಬಳಿ ಹೊದ್ದಿದ್ದಳು. ತೋಳು ಕೆಂಪೇರಿತ್ತು.

“ಯಾಕೆ, ಕಾತ್ಯಾ?”

“ತುರಿಕೆ ನಿಂತ್ಮೇಲೆ ಅಕ್ಕನೂ ಬರ್ಲಿಲ್ಲ, ಭಾವ,” ಎಂದಳು. “ಮನೆಯೆಲ್ಲ ಹುಡುಕಿದೆ. ಕೋಪ ಮಾಡ್ಕೊಂಡಾದ್ರೂ ಇರ್ಲಿ ಅನ್ನಿಸ್ತು.”

ಪ್ರಾಣೇಶ ಮೆಟ್ಟಿಲ ಕಡೆ ನೋಡಿ ತಲೆ ತಗ್ಗಿಸಿದ.

“ಮೆಟ್ಟಿಲ ಮೇಲೆ ಅವಳ ಬಳೆ ಸದ್ದು ನಂಗೂ ಕೇಳಿಸ್ತಿತ್ತು. ನಿನ್ನ ಸೀರೆ ಒಣಗಿಸೋಕೆ ಕೂತ ದಿನದಿಂದ ಇಲ್ಲ. ಅಳು ಬಂತು. ಆದ್ರೂ ಒಣಗಿಸಿದೆ.” ಅವನು ತಲೆಯೆತ್ತಿದ. “ಅಕ್ಕಂದು ಬಿಡು. ನಿಂಗೆ ನಾನು ಬೇಕಾ?”

“ಬೇಕು. ಅಕ್ಕ ಇದ್ದಾಗ ಅಲ್ಲ, ಈಗ್ಲೇ ಬೇಕು ಅನ್ನಿಸಿದ್ದು. ಅವಳ ಜಾಗ ಕಿತ್ಕೊಂಡ ಹಾಗೆ. ಅದಕ್ಕೇ ಹೆದರಿಕೆ.”

ಅವನು ಹೊಸ್ತಿಲು ದಾಟಿದ. ಮುಲಾಮು ಬೆರಳಿಗೆ ತೆಗೆದು ಅವಳ ಮೊಣಕೈ ಸಂದಿಗೆ ಮೆಲ್ಲಗೆ ಸವರಿದ. ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು.

“ಮಡಿ ಕೆಡಿಸಿಬಿಟ್ರಲ್ಲ, ಭಾವ! ಮತ್ತೆ ಸ್ನಾನ ಮಾಡ್ಬೇಕು.”

“ಮಾಡು. ಬಿಸಿನೀರು ಮಾತ್ರ ಬೇಡ. ನಾನೂ ಮಿಂದು ಬಂದು ಸೀರೆ ಒಣಗಿಸ್ತೀನಿ.”

ಅವಳು ಧಾಬಳಿಯನ್ನು ಗಂಗೆಗೆ ಬಿಡಲಿಲ್ಲ. ಮಡಿಸಿ, ಒಮ್ಮೆ ಮೂಸಿ, ಅಕ್ಕನ ಟ್ರಂಕಿನಲ್ಲಿಟ್ಟಳು.

ಮಿಂದು ಬಂದವಳಿಗೆ ಅವನು ಕೋಲು ಚಾಚುತ್ತಿದ್ದಾಗ ಮೆಟ್ಟಿಲ ಮೇಲೆ ಬಳೆ ಸದ್ದಾಯಿತು. ಇಬ್ಬರೂ ತಿರುಗಿದರು. ಯಾರೂ ಇರಲಿಲ್ಲ.

“ಕೇಳಿಸ್ತಾ?”

“ಹೂಂ.”

ಕಾತ್ಯಾಯನಿ ಮೊಣಕೈ ಸಂದು ಮುಟ್ಟಿ ನೋಡಿಕೊಂಡಳು. ತುರಿಕೆ ಇರಲಿಲ್ಲ.

“ಅಮ್ಮಾ,” ಎಂದು ಒಳಗೆ ಕೂಗಿದಳು, “ನಾನು ಒಪ್ಪಿದೀನಿ.”