ನೀಡಕೊಂಡದ ಮೊಳೆಗಳು

"ಮೇಲೆ ಮಂಟಪದಾಗೆ ಮೊಳೆ ಇದಾವೆ ಸಾರ್. ನೋಡ್ರಿ, ಫೋಟೋ ತೆಗೀರಿ. ಮುಟ್ಟೋದು ಮಾತ್ರ ಬ್ಯಾಡ."

ಜಲಪಾತದ ಬುಡದಲ್ಲಿ, ಕಾಲುದಾರಿ ಎರಡಾಗಿ ಒಡೆಯುವ ಕಡೆ ನಿಂತು ಫಣೀಂದ್ರ ಹೇಳಿದ. ವಾರದ ಕೊನೆಗೆ ವಿಶಾಖಪಟ್ಟಣದ ಜನರನ್ನು ಬೆಟ್ಟ ಹತ್ತಿಸುವುದು ಅವನ ಕಸುಬು. ಅದಕ್ಕೂ ಮುಂಚೆ ಬಳ್ಳಾರಿ ಕಡೆ ಗಣಿಯಲ್ಲಿ ಕೆಲವು ವರ್ಷ ಇದ್ದವನಾದ್ದರಿಂದ ಕನ್ನಡ ಬರುತ್ತಿತ್ತು.

"ಮುಟ್ಟಿದ್ರ ಏನಾಗ್ತದ?" ಎಂದ ನಂದನ್. "ತುಕ್ಕು ಹತ್ತತದ. ಕೆಳಗ ಇಳದು ಒಂದು ಟಿಟಿ ಇಂಜೆಕ್ಷನ್ ಮಾಡಿಸ್ಕೊಂಡ್ರಾತು!"

ತನ್ನ ಮಾತಿಗೆ ತಾನೇ ನಕ್ಕ. ಫಣೀಂದ್ರ ನಗಲಿಲ್ಲ. ಹಾರಿಕಾಳೂ ನಗಲಿಲ್ಲ.

ನಂದನ್ ಧಾರವಾಡದವನು. ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಎಂಜಿನಿಯರ್. ಅಳತೆಗೆ ಸಿಗದ್ದು ಯಾವುದೂ ಇಲ್ಲವೇ ಇಲ್ಲ ಎಂದು ನಂಬಿದವನು. ಹೆಂಡತಿ ಹಾರಿಕಾ ವಿಜಯವಾಡದ ಹುಡುಗಿ. ಮದುವೆಯಾಗಿ ಬಂದಮೇಲೆ ಅತ್ತೆಯಿಂದ ಕನ್ನಡ ಕಲಿತಳು, ಆದರೆ ಹೆದರಿಕೆಯಾದಾಗ ಬಾಯಿಗೆ ಬರುತ್ತಿದ್ದುದು ತೆಲುಗೇ. ಹೆದರಿಕೆಯೋ ಅವಳಿಗೆ ಬೇಕಾದಷ್ಟಿತ್ತು. ಅಮಾವಾಸ್ಯೆಗೆ ಹೊಸ್ತಿಲಿಗೆ ನಿಂಬೆಹಣ್ಣು ಕಟ್ಟುವಳು. ತಾಯಿ ರಾಜ್ಯಲಕ್ಷ್ಮಿ ಯಾವುದೋ ಮಂತ್ರವಾದಿಯಿಂದ ತಂದ ತಾಯತವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಹಿಂದಿನ ವಾರ ಅದು ಕಣ್ಣಿಗೆ ಬಿದ್ದು ನಂದನ್ ಕತ್ತರಿಸಿ ಎಸೆದಿದ್ದ. ಅಂದಿನಿಂದ ಗಂಡ ಹೆಂಡಿರ ನಡುವೆ ಮಾತು ಕಡಿಮೆಯಾಗಿತ್ತು. ಈ ಚಾರಣ ಆ ಮುನಿಸು ಮುರಿಯಲೆಂದೇ ಅವನು ಹೊರಡಿಸಿದ್ದು.

"ಗುಡ್ಡಕ್ಕ ಈ ಹೆಸರು ಯಾಕ? ನೀಡಕೊಂಡ ಅಂತ?" ಹತ್ತುತ್ತ ಕೇಳಿದ.

"ನೀಡ ಅಂದ್ರೆ ತೆಲುಗಲ್ಲಿ ನೆರಳು ಅಂಡಿ," ಎಂದಳು ಹಾರಿಕಾ ಸಣ್ಣ ದನಿಯಲ್ಲಿ. "ನೆರಳಿನ ಬೆಟ್ಟ."

ಪೆಂಡುರ್ತಿಯಿಂದ ಬಂದ ಮತ್ತೊಂದು ಗುಂಪು ಜಲಪಾತದಲ್ಲಿ ಆಡುತ್ತ ಕೆಳಗೇ ಉಳಿಯಿತು. ಇವರು ಮೂವರೇ ಮೇಲೆ ಹೋದರು. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಕೊಳೆತ ಎಲೆಯ ವಾಸನೆ, ಬಾವಲಿ ಹಿಕ್ಕೆಯ ವಾಸನೆ, ಅದರೊಳಗೆ ಎಲ್ಲಿಂದಲೋ ಸುಟ್ಟ ಕೂದಲಿನ ಕಮಟು. ಜೀರುಂಡೆಗಳು ಕಿವಿಯೊಳಗೇ ಕೂತಂತೆ ಅರಚುತ್ತಿದ್ದವು. ಗಿಡಗಳ ಸಾಲು ಮುಗಿದದ್ದೇ ತಡ, ಯಾರೋ ಬಾಯಿ ಮುಚ್ಚಿದಂತೆ ಅವೆಲ್ಲ ಸುಮ್ಮನಾದವು.

ಎದುರಿಗೆ ಮಂಟಪ. ಚಾವಣಿ ಎಂದೋ ಬಿದ್ದುಹೋಗಿ ಕಂಬಗಳಷ್ಟೇ ನಿಂತಿದ್ದವು. ನೆಲಕ್ಕೆ ಹಾಸಿದ್ದು ಒಂದೇ ಅಖಂಡ ಬಂಡೆ. ಆ ಬಂಡೆಯ ತುಂಬ ಕಬ್ಬಿಣದ ಮೊಳೆಗಳು. ಬೆರಳುದ್ದ ಮೇಲೆದ್ದು, ತುಕ್ಕು ಹಿಡಿದು, ಎಣಿಸಲಾರದಷ್ಟು. ಒಂದೊಂದು ಮೊಳೆಯ ಸುತ್ತಲೂ ಕಲ್ಲಿನ ಮೇಲೆ ಒಂದೊಂದು ಕಪ್ಪು ಕಲೆ ಹರಡಿತ್ತು.

ಹಾರಿಕಾ ಗಂಡನ ತೋಳು ಹಿಡಿದಳು. "ಏವಂಡಿ... ಏನ್ರೀ, ಆ ಕಲೆಗಳನ್ನ ನೋಡಿ."

ತಲೆ. ಹೆಗಲು. ಚಾಚಿದ ಕೈ. ಅಂಗಾತ ಬಿದ್ದ ಮನುಷ್ಯರ ಆಕಾರ.

"ಇಲ್ಲಿ ಒಬ್ಬ ಪಾಳೇಗಾರ ಇದ್ದನಂತೆ," ಎಂದ ಫಣೀಂದ್ರ, ಮಂಟಪದ ಹೊರಗೇ ನಿಂತು. "ಅವನ ಹತ್ರ ಒಬ್ಬ ಮಾಟಗಾರ. ಎದುರು ಮಾತಾಡಿದವರನ್ನ ಬಿಸಿಲಿಗೆ ನಿಲ್ಸಿ, ಬಿದ್ದ ನೆರಳಿಗೆ ಮೊಳೆ ಹೊಡೀತಿದ್ದ. ಮನುಷ್ಯ ಸತ್ತು ಮಣ್ಣಾದರೂ ನೆರಳಿಗೆ ಬಿಡುಗಡೆ ಇಲ್ಲ. ನಮ್ಮ ಅಜ್ಜಿ ಹೇಳ್ತಿದ್ದ ಕತೆ."

"ತುಕ್ಕಿನ ನೀರು ಹರದದ, ಕಲೆ ಬಿದ್ದದ," ಎಂದ ನಂದನ್. ಕುಕ್ಕರುಗಾಲಲ್ಲಿ ಕೂತು ಒಂದು ಕಲೆಯನ್ನು ಉಗುರಿನಿಂದ ಕೆರೆದ. ಎತ್ತರದ ಆಳಿನ ಆಕಾರ ಅದು, ಬಲಗೈ ಮೇಲೆತ್ತಿಕೊಂಡಿತ್ತು. ಎದೆಯ ನಡುವೆ ಮೊಳೆ.

"ವದ್ದಂಡಿ... ಬೇಡ. ದಮ್ಮಯ್ಯ."

ಅವಳ ದನಿಯಲ್ಲಿದ್ದ ಆ ನಡುಕವೇ ಅವನನ್ನು ಕೆಣಕಿತು. ತಾಯತಕ್ಕಾಗಿ ಅತ್ತವಳು, ಈಗ ಒಂದು ತುಂಡು ಕಬ್ಬಿಣಕ್ಕೆ ಅಳುತ್ತಿದ್ದಾಳೆ. "ಇವತ್ತ ನಿನ್ನ ಅಂಜಿಕಿ ಬೇರಸಹಿತ ಕಿತ್ತುಹಾಕ್ತೀನಿ ನೋಡು," ಎಂದವನೇ ಮೊಳೆಗೆ ಕೈಹಾಕಿದ.

ಬಿಗಿಯಾಗಿರಬೇಕೆಂದು ಅಂದುಕೊಂಡಿದ್ದ. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಒದ್ದೆಯಾಗಿತ್ತು. ಬೆಚ್ಚಗಿತ್ತು.

ಕೆಳಗೆ ಜಲಪಾತದ ಸದ್ದು ನಿಂತಿತು.

ಒಂದು ಉಸಿರಿನಷ್ಟು ಹೊತ್ತು ಮಾತ್ರ. ಮತ್ತೆ ಶುರುವಾಯಿತು. ಆದರೆ ಬಂಡೆಯ ಮೇಲಿನ ಆ ಕಲೆ ಇರಲಿಲ್ಲ. ತೊಳೆದಿಟ್ಟ ತಟ್ಟೆಯಂತೆ ಆ ಜಾಗ ಬೆಳ್ಳಗಿತ್ತು.

"ನೋಡಿದಿ? ಏನಾತು? ಏನೂ ಆಗಲಿಲ್ಲ," ಎಂದು ನಂದನ್ ಮೊಳೆಯನ್ನು ಜೇಬಿಗೆ ಹಾಕಿಕೊಂಡ. ಫಣೀಂದ್ರ ಆಗಲೇ ಬೆನ್ನು ತಿರುಗಿಸಿ ದಡದಡ ಇಳಿಯತೊಡಗಿದ್ದ.

ಇಳಿಯುವ ದಾರಿ ಪಶ್ಚಿಮಕ್ಕೆ. ಹೊತ್ತು ಬಾಗಿತ್ತು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಮುಂದೆ ಫಣೀಂದ್ರ, ಅವನ ಹಿಂದೆ ಹಾರಿಕಾ, ಕೊನೆಗೆ ನಂದನ್. ಹಾರಿಕಾಳ ನೆರಳು ಅವಳ ಬೆನ್ನ ಹಿಂದೆ ಉದ್ದಕ್ಕೆ ಬಿದ್ದು ನಂದನ್‌ನ ಕಾಲಬಳಿ ತೆವಳುತ್ತಿತ್ತು. ಅದನ್ನೇ ನೋಡುತ್ತ ನಡೆಯುತ್ತಿದ್ದವನಿಗೆ ಏನೋ ತಪ್ಪಿದೆ ಎನಿಸಿತು. ಏನೆಂದು ಥಟ್ಟನೆ ಹೊಳೆಯಲಿಲ್ಲ. ನಿಂತ. ಹಿಂತಿರುಗಿ ನೋಡಿದ.

ಅವನ ಹಿಂದೆ ನೆರಳಿರಲಿಲ್ಲ.

ಮುಂದಿತ್ತು. ಸೂರ್ಯ ಎದುರಿಗೇ ಇದ್ದ, ನೆರಳೂ ಎದುರಿಗೇ ಬಿದ್ದಿತ್ತು. ಅವನಿಗಿಂತ ಎತ್ತರದ ನೆರಳು. ಅವನ ಎರಡೂ ಕೈ ಕೆಳಗೆ ಜೋತುಬಿದ್ದಿದ್ದವು. ನೆರಳಿನ ಬಲಗೈ ಮೇಲೆದ್ದಿತ್ತು.

ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಆ ಕೈ ನಿಧಾನವಾಗಿ ಕೆಳಗಿಳಿಯಿತು, ಮುಂದೆ ಚಾಚಿತು, ಹಾರಿಕಾಳ ನೆರಳಿನ ಕಾಲನ್ನು ಹಿಡಿಯಿತು.

ಹಾರಿಕಾ ಕಿಟಾರನೆ ಕಿರುಚಿ ಮುಗ್ಗರಿಸಿದಳು. ಓಡಿಹೋಗಿ ಎತ್ತಿದರೆ, ಅವಳ ಹಿಮ್ಮಡಿಯ ಮೇಲೆ ಐದು ಬೆರಳುಗಳ ಗುರುತು. ಕಾಡಿಗೆಯಷ್ಟು ಕಪ್ಪು. ಮುಟ್ಟಿದರೆ ಮಂಜಿನಷ್ಟು ತಣ್ಣಗೆ.

ಫಣೀಂದ್ರ ದೂರದಲ್ಲೇ ನಿಂತು, ನಂದನ್‌ನ ಕಾಲಡಿ ನೋಡಿ ಬೆವತುಹೋದ.

"ಕಿತ್ತ ಕೈಯೇ ತಿರುಗಿ ಹೊಡೀಬೇಕಂತೆ ಸಾರ್. ಅದೇ ಮೊಳೆ. ಹೊತ್ತು ಮುಳುಗೋದ್ರೊಳಗೆ. ಕತ್ತಲಾದ್ಮೇಲೆ ಎಲ್ಲಾ ನೆರಳೇ. ಅದಕ್ಕೆ ಮೇರೆ ಇರಲ್ಲ."

"ಇಲ್ಲಂದ್ರ?"

"ಇಲ್ಲಾಂದ್ರೆ ಇವತ್ತು ಮನೆಗೆ ಹೋಗೋದು ನೀವಲ್ಲ. ಅದು." ಫಣೀಂದ್ರ ಒಂದು ಹೆಜ್ಜೆ ಹಿಂದೆ ಸರಿದ. "ನಾನು ಬರಲ್ಲ ಸಾರ್. ನನಗೂ ಮನೆ ಇದೆ."

ನಂದನ್ ಒಬ್ಬನೇ ಹೊರಟ. ಹಾರಿಕಾ ಕುಂಟುತ್ತ ಹಿಂದೆಯೇ ಬಂದಳು. "ಒಬ್ಬರನ್ನೇ ಬಿಡಲ್ಲ," ಎಂದಳು. ಅಷ್ಟೇ. ಬೈಯಲಿಲ್ಲ, ನಾ ಹೇಳಲಿಲ್ಲವೇ ಎನ್ನಲಿಲ್ಲ.

ಹತ್ತಿದರು. ಬಿಸಿಲು ಕೆಂಪಾಗುತ್ತಿತ್ತು. ನಂದನ್‌ನ ಮೈ ಹಗುರವಾಗುತ್ತಿತ್ತು, ಹೊಟ್ಟು ತುಂಬಿದ ಚೀಲದಂತೆ. ಒಣ ಎಲೆಯ ಮೇಲೆ ಕಾಲಿಟ್ಟ. ಸದ್ದಿಲ್ಲ. ಹಸಿ ಮಣ್ಣಿನ ಮೇಲೆ ಕಾಲಿಟ್ಟ. ಗುರುತಿಲ್ಲ. ಪಕ್ಕದಲ್ಲಿ ನೆರಳು ಮಾತ್ರ ಭಾರವಾಗಿ ನಡೆಯುತ್ತಿತ್ತು. ಅದರ ಅಡಿ ಎಲೆಗಳು ಪಟಪಟ ಮುರಿಯುತ್ತಿದ್ದವು. ಸುಟ್ಟ ಕೂದಲಿನ ವಾಸನೆ. ಅವನ ಉಸಿರಲ್ಲೇ ಆ ವಾಸನೆ.

ಮಂಟಪ. ಬಂಡೆ. ಬರಿದಾದ ತೂತು.

ಕೈಗೆ ಸಿಕ್ಕ ಕಲ್ಲೆತ್ತಿಕೊಂಡ. ಮೊಳೆ ಹಿಡಿದ. ನೆರಳು ಜಾರಿತು. ಎಡಕ್ಕೆ ಹೋದರೆ ಬಲಕ್ಕೆ ಜಾರಿತು. ಬಲಕ್ಕೆ ಬಂದರೆ ಕಂಬದ ಹಿಂದೆ ಸರಿಯಿತು. ಅದಕ್ಕೆ ಆಟ. ಸೂರ್ಯನ ಅಂಚು ಬೆಟ್ಟಕ್ಕೆ ತಾಗಿತು. ನಂದನ್‌ನ ಬೆರಳುಗಳ ಮೂಲಕ ಕಲ್ಲು ಕಾಣಿಸುತ್ತಿತ್ತು.

ಹಾರಿಕಾ ಮುಂದೆ ನುಗ್ಗಿದಳು. ತೂತಿನ ಮೇಲೆ ಹಾದುಹೋಗುತ್ತಿದ್ದ ಆ ನೆರಳಿನ ಹೆಗಲ ಮೇಲೆ ಎರಡೂ ಕಾಲು ಊರಿ ನಿಂತುಬಿಟ್ಟಳು. ನೆರಳು ಮೀನಿನಂತೆ ವಿಲವಿಲ ಒದ್ದಾಡಿತು. ಅವಳು ಅಲುಗಲಿಲ್ಲ.

"ಕೊಟ್ಟಂಡಿ! ಹೊಡೀರಿ!"

ಹೊಡೆದ. ಮತ್ತೆ ಹೊಡೆದ. ಮೊಳೆ ಇಳಿಯಿತು.

ಜಲಪಾತ ಒಮ್ಮೆಗೇ ಭೋರ್ಗರೆಯಿತು. ಕಾಲಿಗೆ ಭಾರ ಬಂತು, ಕೈಗೆ ನೋವು ಬಂತು. ತಿರುಗಿ ನೋಡಿದ. ಅವನ ಹಿಂದೆ, ಇರಬೇಕಾದಲ್ಲಿ, ಅವನದೇ ನೆರಳು. ಅಳುತ್ತಲೇ ನಕ್ಕ. "ಆತು! ಹಾರಿಕಾ, ಆತು ನೋಡು!"

ಹಾರಿಕಾ ಕೊನೆಯ ಬಿಸಿಲಿನಲ್ಲಿ ನಿಂತಿದ್ದಳು. ಅವಳ ಸುತ್ತ ನೆಲದ ಮೇಲೆ ಏನೂ ಇರಲಿಲ್ಲ.

ಮೊಳೆಯ ಕೆಳಗೆ ಎರಡು ಕಲೆಗಳಿದ್ದವು. ಒಂದು ಎತ್ತರದ ಆಳು. ಇನ್ನೊಂದು ಜಡೆಯ ಹೆಂಗಸು. ಆ ಆಳಿನ ಎರಡೂ ತೋಳು ಹೆಂಗಸಿನ ಸೊಂಟವನ್ನು ಹಿಂದಿನಿಂದ ಬಳಸಿ ಹಿಡಿದಿದ್ದವು.

ಹಾರಿಕಾ ನಿಂತಲ್ಲೇ ಕುಸಿದಳು.

ನಂದನ್‌ನ ಕೂಗು ಕೇಳಿ ಮೇಲೆ ಬಂದ ಪೆಂಡುರ್ತಿಯ ಗುಂಪಿನವರು ಅವಳನ್ನು ಹೊತ್ತು ಇಳಿಸಿದರು. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಯಾವ ದೋಷವೂ ಇಲ್ಲ ಎಂದರು. ಕಣ್ಣು ತೆರೆದಿದ್ದಳು, ಆದರೆ ಮಂಚವನ್ನು ಹೇಗೆ ತಿರುಗಿಸಿದರೂ ಮುಖ ಬೆಟ್ಟದ ದಿಕ್ಕಿಗೇ. ರಾಜ್ಯಲಕ್ಷ್ಮಿ ಬಂದು ಮಗಳನ್ನು ವಿಜಯವಾಡಕ್ಕೆ ಕರೆದೊಯ್ಯಲು ಕಾರು ಹತ್ತಿಸಿದರು. ಅನಕಾಪಲ್ಲಿ ದಾಟುತ್ತಿದ್ದಂತೆ ಹಾರಿಕಾಳ ತುಟಿ ನೀಲಿಯಾಯಿತು. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಉಸಿರೇ ನಿಂತಿತು. ಕಾರು ತಿರುಗಿಸಿದಮೇಲೆ, ಬೆಟ್ಟ ಹತ್ತಿರವಾದಂತೆ, ಎಳೆಎಳೆಯಾಗಿ ಮರಳಿತು.

"ನನ್ನ ಮಗಳನ್ನ ಅಲ್ಲಿ ಕಟ್ಟಿಹಾಕಿ ಬಂದ್ಯಲ್ಲ ನಾಯನಾ," ಎಂದರು ರಾಜ್ಯಲಕ್ಷ್ಮಿ. ಆಮೇಲೆ ಅಳಿಯನ ಜೊತೆ ಮಾತಾಡಲಿಲ್ಲ.

ನಂದನ್ ಕೆಲಸ ಬಿಟ್ಟ. ಬೆಟ್ಟದ ಬುಡದ ಹಳ್ಳಿಯಲ್ಲಿ, ಮಂಟಪದಿಂದ ನೇರ ಕಾಣುವಂಥ ಒಂದು ಮನೆ ಹಿಡಿದ. ಅಂಗಳಕ್ಕೆ ಸುಣ್ಣ ಬಳಿಸಿದ, ಅವಳ ನೆರಳು ಮರಳಿದರೆ ಮೇಲಿನಿಂದಲೂ ಕಾಣಲೆಂದು. ಆ ಮೊಳೆ ಕಿತ್ತು ಅವಳ ನೆರಳು ಬಿಡಿಸಲು ಇಕ್ಕಳ ಹಿಡಿದು ಬೆಟ್ಟ ಹತ್ತಿದ. ಆದರೆ ಆ ಹೊತ್ತಿಗೆ ಒಂದು ಅಕಾಲ ಮಳೆ ಬಂದುಹೋಗಿತ್ತು. ಕಲೆಗಳೆಲ್ಲ ಒಂದರೊಳಗೊಂದು ಹರಿದು ಬಂಡೆಗೆ ಬಂಡೆಯೇ ಕಪ್ಪಾಗಿತ್ತು. ಮೊಳೆಗಳೆಲ್ಲ ಒಂದೇ ತುಕ್ಕು. ತಾನು ಹೊಡೆದದ್ದು ಯಾವುದು? ಒಂದಕ್ಕೆ ಇಕ್ಕಳ ಹಾಕಿದ. ಕಬ್ಬಿಣ ಬೆಚ್ಚಗಿತ್ತು. ಬೆರಳುಗಳ ಮೂಲಕ ಕಲ್ಲು ಕಂಡ ಆ ಸಂಜೆ ನೆನಪಾಯಿತು. ಕೈ ತಾನಾಗಿ ಹಿಂದೆ ಬಂತು. ಮರುದಿನ ಹೋದ, ಅಂದೂ ಕೈ ಹಿಂದೆ ಬಂತು. ಹೆಂಡತಿ ಅವನಿಗಾಗಿ ಕಾಲೂರಿ ನಿಂತಿದ್ದಳು. ಅವಳಿಗಾಗಿ ಅವನ ಕೈ ಮುಂದಾಗುತ್ತಿರಲಿಲ್ಲ.

ಬೇಸಿಗೆಗೆ ಹಾರಿಕಾ ಎಷ್ಟು ಸೊರಗಿದಳೆಂದರೆ, ಬಿಸಿಲು ಅವಳ ಮೈಯೊಳಗಿಂದಲೇ ಹಾದುಹೋದಂತೆ ಕಾಣುತ್ತಿತ್ತು.

ಒಂದು ಭಾನುವಾರ ನಂದನ್ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದಾಗ ಮಧುರವಾಡದ ಕಡೆಯಿಂದ ಚಾರಣಿಗರು ಬಂದರು. ಯಾರೋ ಹೊಸ ಮಾರ್ಗದರ್ಶಿ, ಹಿಂದುಳಿದವರನ್ನು ಕರೆತರಲು ಕೆಳಗಿಳಿದ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತ ಒಬ್ಬ ಹುಡುಗಿ ಮಂಟಪದೊಳಗೆ ಬಂದಳು. ನಂದನ್ ತಲೆಯೆತ್ತಿದ್ದು ಕಂಡು ಅವಳ ಮುಖ ಅರಳಿತು.

"ನೀವು ಕನ್ನಡದವರಾ ಸಾರ್? ನಾನು ಶ್ರೀರಕ್ಷಾ, ತುಮಕೂರು. ಇಲ್ಲಿಗೆ ಬಂದು ಇನ್ನೂ ತಿಂಗಳಾಗಿಲ್ಲ. ಈ ಮೊಳೆ ಮುಟ್ಟಿದ್ರೆ ಏನೋ ಆಗುತ್ತೆ ಅಂತಾನೆ ನಮ್ಮ ಗೈಡು. ನಿಜಾನಾ?"

ನಗುತ್ತಿದ್ದಳು. ನಂದನ್ ಬಾಯಿ ತೆರೆದ. ಹೇಳಬೇಕಾದ ಮಾತು ಗಂಟಲವರೆಗೆ ಬಂದಿತ್ತು. ಕೆಳಗೆ ಬಿಳಿ ಅಂಗಳದಲ್ಲಿ, ಮಣೆಯ ಮೇಲೆ, ಹಾರಿಕಾ ಮುಖ ಮೇಲೆತ್ತಿ ಕೂತಿದ್ದಳು.

"ಹಳೇ ಕಬ್ಬಿಣ," ಎಂದ. "ಏನೂ ಆಗಂಗಿಲ್ಲ."

ಶ್ರೀರಕ್ಷಾ ಬಗ್ಗಿದಳು. ಮೊಳೆ ಸಲೀಸಾಗಿ ಬಂತು. ಜಲಪಾತದ ಸದ್ದು ಒಂದು ಉಸಿರು ನಿಂತು ಮತ್ತೆ ಶುರುವಾಯಿತು. "ಅಯ್ಯ, ಬಿಸಿಯಾಗಿದೆ!" ಎಂದು ಅವಳು ನಕ್ಕಳು. ನಂದನ್ ಅವಳ ಕಡೆ ನೋಡಲಿಲ್ಲ, ಅವಳ ಕಾಲಡಿಯನ್ನಂತೂ ನೋಡಲೇ ಇಲ್ಲ. ಕೆಳಗಿನ ಅಂಗಳವನ್ನು ನೋಡಿದ.

ಬಿಸಿಲು ಝಗಝಗಿಸುತ್ತಿತ್ತು. ಹಾರಿಕಾಳ ಸುತ್ತ ಸುಣ್ಣ ಬೆಳ್ಳಗೆ, ಬೋಳಾಗಿ ಹಾಗೇ ಇತ್ತು.

ಅವನು ತುಟಿ ಸವರಿಕೊಂಡ.

"ಅದರ ಬಾಜೂದ್ದೂ ಒಂದು ಕಿತ್ತು ನೋಡ್ರಿ," ಎಂದ.