ಎತ್ತಿ ಇಳಿಸಿದ ಕೈ

ದೋಣಿಗಟ್ಟೆ ಮುಟ್ಟುವ ಹೊತ್ತಿಗೆ ಬೈಗುಳಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡಿದ್ದೆ. ಎಬಿಕೆಮೆ ಒಂದು ದೋಣಿಯ ಎಂಜಿನ್ ಬಿಚ್ಚಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ನಕ್ಕ. ನನ್ನ ಸಿಟ್ಟು ಇನ್ನಷ್ಟು ಏರಿತು, ಯಾಕೆಂದರೆ ಆ ನಗು ನನಗೆ ಇಷ್ಟ.

ನಡೆದದ್ದು ಇಷ್ಟು. ನಮ್ಮ ವಾರಿ ಊರಿನಲ್ಲಿ ಅಕ್ಷರದ ಬಿಲ್ಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಎಂದರೆ ಮಕ್ಕಳಾಟವಲ್ಲ. ಮೀನಿನ ವ್ಯಾಪಾರಿಗೂ ಕ್ಲಬ್ ಇದೆ, ಮೇಷ್ಟರಿಗೂ ಇದೆ. ಶನಿವಾರ ರಾಜ್ಯ ತಂಡಕ್ಕೆ ಆಯ್ಕೆಯಿತ್ತು. ಉಳಿದಿದ್ದು ಒಂದೇ ಸ್ಥಾನ, ಅದಕ್ಕಾಗಿ ಎದುರುಬದುರು ಕೂತವರು ನಾವಿಬ್ಬರು.

ನಮ್ಮಿಬ್ಬರ ಆಟ ಬೇರೆ ಬೇರೆ. ಅವನು ಮೂರಕ್ಷರ, ನಾಲ್ಕಕ್ಷರದ ಪದ ಇಟ್ಟು ಎದುರಿನವರ ದಾರಿ ಕಟ್ಟಿಬಿಡುತ್ತಾನೆ. ನನಗೆ ಉದ್ದದ ಪದಗಳ ಹುಚ್ಚು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡಿ ಬಂದರೆ ಕ್ಯೂ ಇರುವುದು, ಝಡ್ ಇರುವುದು, ಎಕ್ಸ್ ಇರುವುದು ಎಂದು ಎಂಟಕ್ಷರದ ಇಂಗ್ಲಿಷ್ ಪದಗಳನ್ನು ಹುಡುಕಿ ನೋಟ್‌ಬುಕ್ಕಿಗೆ ಬರೆಯುತ್ತೇನೆ. ಎರಡು ವರ್ಷದಲ್ಲಿ ಐದು ನೋಟ್‌ಬುಕ್ ತುಂಬಿವೆ.

ಕ್ಲಬ್ ಮುಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತ ಅವನು ನನ್ನನ್ನು ಪರೀಕ್ಷೆ ಮಾಡುತ್ತಿದ್ದ. ಒಮ್ಮೆ ಕೇಳಿದ, "ಎಂಟಕ್ಷರ. ಝಡ್ಡೂ ಇರ್ಬೇಕು, ಎಕ್ಸೂ ಇರ್ಬೇಕು."

"ಆಕ್ಸಜೆಪಾಮ್."

"ಹಂಗಂದ್ರೆ?"

"ಮಾತ್ರೆ. ಎದೆ ತಳಮಳಕ್ಕೆ ಕೊಡ್ತಾರೆ."

"ಹಂಗಾದ್ರೆ ಎರಡು ಕೊಡು," ಎಂದು ಹೇಳಿ, ಕಡಲೆಕಾಯಿ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತ ಕೂತ. ಕತ್ತೆತ್ತಲಿಲ್ಲ. ಕಿವಿ ಮಾತ್ರ ನನ್ನ ಕಡೆಗಿತ್ತು. ನಾನು ಆ ರಾತ್ರಿ ಒಂದು ಪದವನ್ನೂ ಕಲಿಯಲಿಲ್ಲ.

ಶನಿವಾರದ ಆಟದಲ್ಲಿ ಅವನೇ ಮುಂದಿದ್ದ. ಕೊನೆಗೆ ಹಲಗೆಯ ಮೇಲಿದ್ದ ಒಂದು ಅಕ್ಷರಕ್ಕೆ ನನ್ನ ಏಳೂ ಬಿಲ್ಲೆ ಸೇರಿ ಒಂದು ಎಂಟಕ್ಷರದ ಪದ ಹೊಳೆಯಿತು, ಇಟ್ಟೆ. ಆ ಪದ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎದುರಿನವರಿಗೆ ಅನುಮಾನ ಬಂದರೆ ಕೈ ಎತ್ತಬೇಕು. ಆಗ ಇಬ್ಬರೂ ಎದ್ದು ಹೋಗಿ ಪದವನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಾರೆ, ಸುಳ್ಳಾದರೆ ಪದ ಹೋಯಿತು. ಯಾರೂ ಕೈ ಎತ್ತದಿದ್ದರೆ ಸುಳ್ಳು ಪದಕ್ಕೂ ಪೂರ್ತಿ ಅಂಕ. ಎಬಿಕೆಮೆ ಕೈ ಎತ್ತಲಿಲ್ಲ. ನಾನು ಗೆದ್ದೆ.

ಭಾನುವಾರ ಹೆಮ್ಮೆಯಿಂದ ಆ ಪದವನ್ನು ನೋಟ್‌ಬುಕ್ಕಿಗೆ ಬರೆಯಲು ಹೋದರೆ ನಿಘಂಟಿನಲ್ಲಿ ಅದು ಇಲ್ಲವೇ ಇಲ್ಲ. ಮೂರು ಸಲ ಹುಡುಕಿದೆ. ಕ್ಲಬ್ಬಿನ ಕಾರ್ಯದರ್ಶಿ ಒಕ್ಪಾಕೊ ಅಂಕಲ್‌ಗೆ ಫೋನ್ ಮಾಡಿದರೆ ಅವರು ನಕ್ಕರು. ಎಬಿಕೆಮೆ ಕೈ ಎತ್ತಲು ಹೋಗಿ ಇಳಿಸಿದ್ದನ್ನು ತಾವೇ ಕಣ್ಣಾರೆ ಕಂಡರಂತೆ. ಹುಡುಗನಿಗೆ ನಿನ್ನ ಮೇಲೆ ಕನಿಕರ ಇರಬೇಕು ಎಂದರು.

ಕನಿಕರ! ಐದು ನೋಟ್‌ಬುಕ್ ತುಂಬಿಸಿದವಳಿಗೆ ಕನಿಕರ. ಆಗಲೇ ಕ್ಲಬ್ಬಿಗೆ ಒಂದು ಕಾಗದ ಬರೆದೆ: ನನ್ನ ಸ್ಥಾನ ನನಗೆ ಬೇಡ, ಎಬಿಕೆಮೆಗೆ ಕೊಡಿ.

ಸೋಮವಾರ ಅವನ ಎದುರು ನಿಂತು ಕೇಳಿದೆ, "ಕೈ ಎತ್ತೋಕೆ ಹೋಗಿ ಯಾಕೆ ಇಳಿಸಿದೆ?"

ಅವನು ಸ್ಪ್ಯಾನರ್ ಕೆಳಗಿಟ್ಟ. "ಯಾಕೆ, ಅದು ಪದ ಅಲ್ವಾ?"

"ನಾಟಕ ಆಡ್ಬೇಡ."

"ನಿಜವಾಗ್ಲೂ ಅಲ್ವಾ, ಒನಾ?"

ಅವನ ಬಾಯಿ ಸ್ವಲ್ಪ ತೆರೆದೇ ಇತ್ತು. ಎಬಿಕೆಮೆಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದರೆ ಮೂಗು ಕೆರೆದುಕೊಳ್ಳುತ್ತಾನೆ. ಈಗ ಕೈ ಮೂಗಿನ ಹತ್ತಿರವೂ ಹೋಗಲಿಲ್ಲ.

"ಅನುಮಾನ ಬಂತು, ಎತ್ತೋಕೆ ಹೋದೆ," ಎಂದ. "ಆಮೇಲೆ ನಿನ್ನ ಮುಖ ನೋಡ್ದೆ. ಕ್ಲಬ್ಬಲ್ಲಿ ಎಲ್ರೂ ಸುಳ್ಳು ಪದ ಇಡ್ತಾರೆ, ನಾನೂ ಇಡ್ತೀನಿ. ಎರಡು ವರ್ಷದಲ್ಲಿ ನೀನು ಒಂದೂ ಇಟ್ಟಿಲ್ಲ. ನೀನು ಇಟ್ಟಿದ್ದೀಯ ಅಂದ್ರೆ ಅದು ಇರುತ್ತೆ, ನಂಗೇ ಗೊತ್ತಿಲ್ಲ ಅಂದ್ಕೊಂಡೆ."

ಬೈಗುಳ ಒಂದೂ ನೆನಪಾಗಲಿಲ್ಲ. ನನ್ನನ್ನು ನಂಬಿ ಅವನು ತನ್ನ ಸ್ಥಾನ ಕಳೆದುಕೊಂಡಿದ್ದ. ಇದು ಕನಿಕರಕ್ಕಿಂತ ಕಷ್ಟ. ಈಗ ನನ್ನ ಮೇಲೆಯೇ ಸಿಟ್ಟು ಬಂತು. ಚೀಲದಿಂದ ಕಾಗದ ತೆಗೆದು ಅವನ ಕೈಗೆ ತುರುಕಿದೆ.

ನಿಧಾನವಾಗಿ ಓದಿದ. ಎರಡು ವರ್ಷದಲ್ಲಿ ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅಂದೇ.

"ಇದೇನು, ಭಿಕ್ಷೆನಾ? ನಾನು ಕೊಟ್ಟೆ ಅಂತ ಉರ್ಕೊಂಡು ಬಂದೆ, ಈಗ ನೀನು ಕೊಟ್ರೆ ನಾನು ತಗೋಬೇಕಾ? ಕೈ ಎತ್ತೋದು ನನ್ನ ಕೆಲಸ. ಎತ್ಲಿಲ್ಲ, ಸೋತೆ. ನನ್ನ ಸೋಲನ್ನಾದ್ರೂ ನಂಗೆ ಬಿಡು."

ಹಾಗೆನ್ನುತ್ತ ಆ ಕಾಗದದಿಂದಲೇ ಕೈಯ ಗ್ರೀಸ್ ಒರೆಸಿಕೊಂಡ. ಒಂದೊಂದು ಬೆರಳನ್ನೂ ಬಿಡಲಿಲ್ಲ. ಮುದ್ದೆ ಮಾಡಿ ಡಬ್ಬಕ್ಕೆ ಎಸೆದ.

"ಎಷ್ಟು ಚೆನ್ನಾಗಿ ಬರೆದಿದ್ದೆ ಗೊತ್ತಾ?" ಎಂದೆ.

"ಗೊತ್ತು. ಓದ್ದೆ."

"ನಂಗೆ ನಿನ್ನ ಮೇಲೆ ತುಂಬ ಸಿಟ್ಟಿದೆ ಎಬಿಕೆಮೆ. ನೀನು ಬೇಕು ಅಂತಾನೂ ಇದೆ. ಎರಡೂ ಒಟ್ಟಿಗೆ ಇದೆ, ಏನ್ಮಾಡ್ಲಿ?"

ಇಷ್ಟನ್ನು ಕೂಗಿಯೇ ಹೇಳಿದ್ದೆ. ಮೀನು ಒಣಗಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ನೋಡಲಿ ಬಿಡು ಎನ್ನಿಸಿತು. ಅವನು ನನ್ನ ಕೈ ಹಿಡಿಯಲು ಬಂದು, ತನ್ನ ಕೈ ಇನ್ನೂ ಕಪ್ಪಾಗಿರುವುದನ್ನು ನೋಡಿ ನಿಂತ. ನಾನೇ ಹಿಡಿದುಕೊಂಡೆ.

ಅವನು ಕೈ ಬಿಡಿಸಿಕೊಳ್ಳದೆ ಕೇಳಿದ, "ಹೆಣ್ಣು ಕೇಳೋಕೆ ಬರ್ತೀನಿ, ನಿಮ್ಮಮ್ಮ ಮನೇಲಿ ಯಾವತ್ತು ಇರ್ತಾರೆ?"

"ಭಾನುವಾರ. ಚರ್ಚ್ ಮುಗಿದ್ಮೇಲೆ. ತಡ ಮಾಡಿದ್ರೆ ಬಾಗಿಲು ತೆಗೆಯಲ್ಲ."

ಅವನು ಶನಿವಾರವೇ ಬಂದ.