ಹಾಲಿಗೆ ಹೆದರಿದ ಮಗು

"ಆ ಕಿಟಕಿ ಸೀಟು ನಮ್ದು" ಎಂದು ಹೇಳಹೊರಟ ಷೈಬಿ ಅಲ್ಲೇ ನಿಂತುಬಿಟ್ಟಳು.

ಸೀಟಿನಿಂದ ಎದ್ದು ನಿಂತವನು ಎಲ್ದೋ. ಅವಳ ಗಂಡ. ಕಳೆದ ಮಳೆಗಾಲದಿಂದ ಅವಳು ಲೆಸ್ಟರಿನಲ್ಲಿ, ಅವನು ಬ್ರಿಸ್ಟಲಿನಲ್ಲಿ. ಮಾತು ಬಿಟ್ಟೇ ತಿಂಗಳುಗಳಾಗಿದ್ದವು. ಹಾಗಿರುವಾಗ, ಕೊಚ್ಚಿಯಿಂದ ಲಂಡನ್ನಿಗೆ ಹೊರಟ ಈ ವಿಮಾನದಲ್ಲಿ, ತನ್ನ ಪಕ್ಕದಲ್ಲೇ...

ಅವಳ ಹೆಗಲ ಮೇಲೆ ಎರಡೂವರೆ ವರ್ಷದ ಪೊನ್ನು ಬಾಯಿ ತೆರೆದು ನಿದ್ರಿಸುತ್ತಿದ್ದಳು. ಎಲ್ದೋನ ಕಣ್ಣು ಹೆಂಡತಿಯ ಮುಖದ ಮೇಲೆ ಒಂದು ಗಳಿಗೆ ನಿಂತು, ಮಗುವಿನ ಕಡೆಗೆ ಹೊರಳಿತು.

"ಇಲ್ಲಿಗೆ ಹೇಗೆ ಬಂದ್ರಿ?" ಎಂದಳು ಷೈಬಿ.

"ಎಲ್ಲರ ಹಾಗೆ. ಟಿಕೆಟ್ ತಗೊಂಡು."

"ತಮಾಷೆ ಬೇಡ."

"ಅಮ್ಮಚ್ಚಿ ಹೇಳಿದ್ರು, ಇವತ್ತು ಪೊನ್ನೂನ ಕರ್ಕೊಂಡು ಹೋಗ್ತಿದ್ದೀಯ ಅಂತ. ನಿನ್ನ ಪಕ್ಕದ ಸೀಟೇ ಕೇಳಿ ತಗೊಂಡೆ. ಮೊದಲು ಅವಳನ್ನ ಮಲಗಿಸು. ಜಗಳಕ್ಕೆ ದಾರಿ ಬೇಕಾದಷ್ಟಿದೆ."

ಷೈಬಿ ಮಗುವನ್ನು ಕಿಟಕಿಯ ಪಕ್ಕ ಮಲಗಿಸಿ, ತಾನು ನಡುವೆ ಕುಳಿತಳು. ಕೈಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ಅದರೊಳಗೆ ಕಾಯಿಸಿ ಆರಿಸಿದ ಹಾಲಿನ ಬಾಟಲಿಗಳು, ಪುಟ್ಟ ಡಬ್ಬಿಗಳಲ್ಲಿ ಹಾಲಿನ ಪುಡಿ, ಬೇಯಿಸಿ ಹೆಚ್ಚಿದ ನೇಂದ್ರ ಬಾಳೆಹಣ್ಣು, ಪುಡಿಮಾಡಿದ ಅವಲೋಸುಂಡೆ ಎಂಬ ಅಕ್ಕಿ-ತೆಂಗಿನ ಸಿಹಿ ಉಂಡೆ. ತಪಾಸಣೆಯ ಅಧಿಕಾರಿ ಕೇಳಿದಾಗ ಆ ಹಾಲನ್ನು ತಾನೇ ಒಂದು ಗುಟುಕು ಕುಡಿದು ತೋರಿಸಿದ್ದಳು. ಹಾಲು ಸಿಹಿಯಾಗಿಯೇ ಇತ್ತು. ಬಾಯಿ ಮಾತ್ರ ಕಹಿಯಾಗಿತ್ತು.

"ಇಳಿದ ಮೇಲೆ ಮಗು ಯಾರ ಜೊತೆ?" ಎಲ್ದೋ ಮೆಲ್ಲನೆ ಕೇಳಿದ.

"ನನ್ನ ಜೊತೆ. ಲೆಸ್ಟರಿಗೆ. ನೀವು ನಿಮ್ಮ ದಾರಿ ಹಿಡೀರಿ."

ಅವನು ಸೀಟ್ ಬೆಲ್ಟ್ ಬಿಗಿದುಕೊಂಡು ಮುಖ ಆಚೆ ತಿರುಗಿಸಿದ. ಆ ಮೌನವೇ ಅವಳನ್ನು ಇಷ್ಟು ಕಾಲ ಸುಟ್ಟದ್ದು.

ಕಳೆದ ವರ್ಷ, ನಡೆಯಲು ಕಲಿತಷ್ಟೇ ಆಗಿದ್ದ ಪೊನ್ನುವನ್ನು ಕೇರಳದ ಕೋತಮಂಗಲದಲ್ಲಿ ಎಲ್ದೋನ ತಾಯಿ ಅಮ್ಮಚ್ಚಿಯ ಬಳಿ ಬಿಡಲು ಇಬ್ಬರೂ ಬಂದಿದ್ದರು. ಅವಳು ಆಸ್ಪತ್ರೆಯ ದಾದಿ. ಅವನಿಗೆ ಗೋದಾಮಿನ ಪಾಳಿ. ಊರಿನಲ್ಲಿ ಹತ್ತು ಮನೆಯವರು ಮಾಡಿದ್ದನ್ನೇ ಅವರೂ ಮಾಡಿದರು. ಹೊರಡುವ ದಿನ ಹಿರಿಯರು ಬುದ್ಧಿ ಹೇಳಿದರು: "ಮಗು ಮಲಗಿರುವಾಗಲೇ ಹೊರಟುಬಿಡು. ನೋಡಿದ್ರೆ ಅಳುತ್ತೆ."

ಅಳು ನಮ್ಮ ಕಿವಿಗೆ ಬೀಳದಿದ್ದರೆ ಮಗು ಅಳಲೇ ಇಲ್ಲವೆಂದು ನಂಬುವ ಜಾಣತನವದು! ದೊಡ್ಡವರಿಗೆ ಹೀಗೆ ಮಾಡಿದರೆ ಅದನ್ನು ವಂಚನೆ ಎನ್ನುತ್ತೇವೆ. ಮಗುವಿಗೆ ಮಾಡಿದರೆ ದಯೆ ಎನ್ನುತ್ತೇವೆ. ಷೈಬಿ ಹಾಲೂಡಿಸಿ, ಮಲಗಿಸಿ, ಕಳ್ಳಹೆಜ್ಜೆಯಲ್ಲಿ ಮನೆಯಿಂದ ಹೊರಬಿದ್ದಳು. ಜೊತೆಗೆ ಹೊರಡಬೇಕಿದ್ದ ಎಲ್ದೋ ಕಾರಿನ ಬಾಗಿಲ ಬಳಿ ಬಂದು, "ನೀನು ಹೋಗು" ಎಂದಷ್ಟೇ ಹೇಳಿ ಹಿಂತಿರುಗಿದ್ದ.

ಎರಡು ವಾರ ಕಳೆದು ಅವನು ಇಂಗ್ಲೆಂಡಿಗೆ ಬಂದಾಗ ಬೇರೆ ಮನುಷ್ಯನಾಗಿದ್ದ. ಮಗುವಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. 'ಹೆತ್ತ ಮಗುವನ್ನು ಬಿಟ್ಟು ಬಂದವಳು ಎಂದು ನನ್ನನ್ನು ಅಸಹ್ಯಪಡುತ್ತಿದ್ದಾನೆ...' ಎಂದೇ ಅವಳು ತಿಳಿದಳು. ಅಸಹ್ಯದ ಜೊತೆ ಒಂದೇ ಸೂರಿನಡಿ ಎಷ್ಟು ದಿನ ಬಾಳುವುದು? ಲೆಸ್ಟರಿನ ಆಸ್ಪತ್ರೆಗೆ ವರ್ಗ ಕೇಳಿ ಹೊರಟುಬಿಟ್ಟಳು.

ಇಂದು ಮಗುವನ್ನು ಮರಳಿ ಪಡೆದದ್ದೂ ಅದೇ ರೀತಿಯಲ್ಲಿ. ವಿಮಾನ ನಿಲ್ದಾಣದ ಹೊರಗೆ ಅಮ್ಮಚ್ಚಿ ಕಾರಿನಲ್ಲೇ ಮೊಮ್ಮಗಳಿಗೆ ಹಾಲು ಕುಡಿಸಿ ಮಲಗಿಸಿದ್ದರು.

"ಎದ್ದಿದ್ರೆ ನನ್ನ ಬಿಡ್ತಾಳಾ ಮೋಳೇ? ಹೀಗೇ ಎತ್ತಿಕೊಂಡು ಹೋಗು. ಎದ್ದಾಗ ಮೋಡದ ಮೇಲಿರ್ತಾಳೆ. ಅಲ್ಲಿಂದ ಯಾರನ್ನ ಕರೀತಾಳೆ?"

ಸೊಸೆಯನ್ನು ಮಗಳೆಂದೇ ಕರೆದು ಹಾಗೆಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ್ದರು. ಷೈಬಿ ಮಗುವನ್ನು ಹೆಗಲಿಗೇರಿಸಿಕೊಂಡಿದ್ದಳು.

ವಿಮಾನ ಮೋಡಗಳನ್ನು ದಾಟಿದ ಮೇಲೆ ಪೊನ್ನು ಕಣ್ಣು ತೆರೆದಳು.

ಅವಳು ಅಳಲಿಲ್ಲ. ಕಿಟಕಿಯನ್ನು ನೋಡಿದಳು, ಷೈಬಿಯನ್ನು ನೋಡಿದಳು. ಸೀಟಿನಿಂದಿಳಿದು, ಬಗ್ಗಿ, ಸೀಟಿನ ಅಡಿಯಲ್ಲಿ ಹುಡುಕಿದಳು.

"ಅಮ್ಮಚ್ಚಿ ಎಲ್ಲಿ?"

"ಮನೇಲಿದ್ದಾರೆ ಚಿನ್ನ. ನಾನು ಅಮ್ಮ. ದಿನಾ ಫೋನಲ್ಲಿ ಮಾತಾಡ್ತಿದ್ನಲ್ಲ?"

ಪೊನ್ನು ಇಲ್ಲವೆಂದು ತಲೆಯಾಡಿಸಿದಳು. "ಅಮ್ಮ ಫೋನಲ್ಲಿದ್ದಾರೆ. ನೀನು ಆಂಟಿ."

ಷೈಬಿ ತುಟಿ ಕಚ್ಚಿದಳು. ಗಗನಸಖಿಯಿಂದ ಬಿಸಿನೀರು ಪಡೆದು, ಅದರಲ್ಲಿ ಬಾಟಲಿ ಅದ್ದಿ, ಹಾಲನ್ನು ಹದವಾಗಿ ಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿ ಕೊಟ್ಟಳು. ಬಾಟಲಿ ಕಂಡದ್ದೇ ಮಗು ಬಾಯಿ ಬಿಗಿದು, ಎರಡೂ ಕೈಗಳಿಂದ ತಳ್ಳಿತು.

ಬಾಳೆಹಣ್ಣು ತಿಂದಳು. ಅವಲೋಸುಂಡೆಯ ಪುಡಿಯನ್ನು ಎಲ್ದೋನ ಅಂಗೈಯಿಂದ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದಳು. ಎರಡು ಚಮಚ ನೀರು ಕುಡಿದಳು. ಹಾಲು ಮಾತ್ರ ಬೇಡ. ಪೊನ್ನುವಿಗೆ ಹಾಲೆಂದರೆ ಪ್ರಾಣ ಎಂದು ಅಮ್ಮಚ್ಚಿ ಸಾವಿರ ಸಲ ಹೇಳಿದ್ದರು.

ಹಿಂದಿನ ಸೀಟಿನಲ್ಲಿ ಮಗಳ ಹೆರಿಗೆಗೆ ಹೊರಟಿದ್ದ ತ್ರೇಸ್ಯಾಮ್ಮ ಎಂಬ ವೃದ್ಧೆ ಎಲ್ಲವನ್ನೂ ನೋಡುತ್ತಿದ್ದರು.

"ಅಲ್ಲ ಮೋಳೇ, ನೀನು ತಾಯಿನೋ ಆಯಾನೋ? ಮಗು ನಿನ್ನ ಕೈ ಕಂಡ್ರೆ ಮುಖ ತಿರುಗಿಸ್ತಿದೆ."

"ತಾಯಿ," ಎಂದಳು ಷೈಬಿ. ಆ ಪದ ಅವಳ ಕಿವಿಗೇ ಸುಳ್ಳಿನಂತೆ ಕೇಳಿಸಿತು.

"ಬೇಜಾರಾಗ್ಬೇಡ. ನನ್ನ ಗಂಡಂಗೆ ಮದುವೆಯಾಗಿ ನಲವತ್ತು ವರ್ಷ ಆದ್ರೂ ನನ್ನ ಕೈ ಕಾಫಿ ಹಿಡಿಸಲಿಲ್ಲ. ಆದ್ರೂ ಈ ಹುಡುಗಿ ನಿದ್ದೇನೂ ಮಾಡಲ್ವಲ್ಲ? ಪೈಲಟ್ ತೂಕಡಿಸಿದ್ರೂ ಇವಳು ತೂಕಡಿಸಲ್ಲ."

ನಿಜವೇ. ರೆಪ್ಪೆ ಭಾರವಾದಾಗಲೆಲ್ಲ ಪೊನ್ನು ತನ್ನ ಕೆನ್ನೆಯನ್ನು ತಾನೇ ಉಜ್ಜಿಕೊಳ್ಳುತ್ತಿದ್ದಳು. ಹಸಿವು, ದಣಿವು, ಒಣಗಿದ ತುಟಿ. ವಿಮಾನ ಇಳಿಯುವಾಗ ಏನಾದರೂ ಗುಟುಕರಿಸದಿದ್ದರೆ ಕಿವಿ ನೋಯುತ್ತದೆಂದು ಷೈಬಿಗೆ ಗೊತ್ತು. ಮತ್ತೆ ಬಾಟಲಿ ಹಿಡಿದಳು. ಮಗು ಈ ಬಾರಿ ಚೀರಿತು. ಹಾಲು ಷೈಬಿಯ ಎದೆಯ ಮೇಲೆ ಚೆಲ್ಲಿತು.

ಅವಳು ಒದ್ದೆಯಾದ ಕುಪ್ಪಸವನ್ನು ನೋಡಿಕೊಂಡಳು. ಒಂದು ಕಾಲಕ್ಕೆ ಇದೇ ಎದೆಯ ಹಾಲು... ಬಿಟ್ಟು ಹೋದ ಮೇಲೆ ಉಕ್ಕಿ, ನೋಯಿಸಿ, ಆಸ್ಪತ್ರೆಯ ಬಚ್ಚಲಿನಲ್ಲಿ ಹಿಂಡಿ ಚೆಲ್ಲಿದ ಹಾಲು...

"ನೀವೇ ಕರ್ಕೊಂಡು ಹೋಗಿ," ಎಂದಳು. "ನನ್ನ ಕೈಯ ಹಾಲು ಅವಳಿಗೆ ಬೇಡ. ನೀವು ಗೆದ್ರಿ."

"ಷೈಬೀ..."

"ನಿಮಗೆ ನನ್ನ ಮೇಲೆ ಅಸಹ್ಯ. ಈಗ ಅವಳಿಗೂ."

ಎಲ್ದೋ ಅವಳತ್ತ ಕೈ ಚಾಚಿದ. ಬಾಟಲಿ ತೆಗೆದುಕೊಂಡು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅವನಿಗೂ ಅದೇ ಉತ್ತರ. ಮಗು ಮುಖ ತಿರುಗಿಸಿತು.

"ಯಾಕಮ್ಮ ಬೇಡ? ಹಾಲು ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ಮತ್ತೆ?"

ಪೊನ್ನು ಅವನ ಅಂಗಿಯ ಗುಂಡಿಯನ್ನು ತಿರುಚುತ್ತ, ಸಣ್ಣ ದನಿಯಲ್ಲಿ ಹೇಳಿದಳು:

"ಪೊನ್ನು ಹಾಲು ಕುಡಿದ್ಲು. ಪೊನ್ನು ಜೋಜೋ ಮಾಡಿದ್ಲು. ಅಮ್ಮಚ್ಚಿ ಹೋದ್ರು."



ಅದು ಹಟವಲ್ಲ, ಮರೆವಲ್ಲ, ತಿರಸ್ಕಾರವೂ ಅಲ್ಲ. ಆ ಪುಟ್ಟ ಜೀವ ದೊಡ್ಡವರು ಕಲಿಸಿದ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿತ್ತು. ಹಾಲು ಕುಡಿದರೆ ನಿದ್ದೆ, ನಿದ್ದೆ ಬಂದರೆ ಪ್ರೀತಿಸುವವರು ಮಾಯ. ಇಂಥ ಪಾಠ ಕಲಿಸಿದವರಿಗೆ ಯಾವ ನ್ಯಾಯಾಲಯ ಶಿಕ್ಷೆ ಕೊಡುತ್ತದೆ?

ಎಲ್ದೋನ ಕಣ್ಣಿಂದ ನೀರು ಮಗುವಿನ ಕೂದಲಿಗೆ ಇಳಿಯಿತು.

"ನೀನು ಹೋದ ದಿನ ಅವಳು ಎದ್ದು ಮಂಚದ ಕೆಳಗೆ ನೋಡಿದ್ಲು," ಎಂದ, ಹೆಂಡತಿಯ ಕಡೆ ತಿರುಗದೆ. "ಬೀರು ಬಾಗಿಲು ತೆಗೆಸಿ ನೋಡಿದ್ಲು. ಎದ್ದಾಗ ಯಾರಾದ್ರೂ ಒಬ್ರು ಇರ್ಬೇಕು ಅಂತಾನೇ ನಾನು ಕಾರು ಹತ್ತಲಿಲ್ಲ."

"ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬದುಕ್ತಿದ್ಯಾ?"

"ಹೇಳದೆ ಇದ್ದಾಗ ನಾನೇನು ಬದುಕಿದ್ನಾ?"

ಅವನು ತಲೆ ತಗ್ಗಿಸಿದ. "ಪೂರ್ತಿ ಕೇಳು. ಎರಡು ವಾರ ಆದ್ಮೇಲೆ ನಾನೂ ಹೊರಡಬೇಕಾಯ್ತು. ನಾನೇ ಹಾಲು ಕುಡಿಸಿದೆ. ನಾನೇ ಮಲಗಿಸಿದೆ. ನೀನು ಮಾಡಿದ್ದನ್ನೇ ಮಾಡಿದೆ, ಅದೂ ಅವಳು ಹುಡುಕಿದ್ದನ್ನ ಕಣ್ಣಾರೆ ಕಂಡ ಮೇಲೆ. ನನಗೆ ಅಸಹ್ಯ ಇದ್ದದ್ದು ನನ್ನ ಮೇಲೆ ಷೈಬಿ. ನಿನ್ನ ಮುಖ ನೋಡಿದ್ರೆ ಅದು ಇನ್ನೂ ಜಾಸ್ತಿ ಆಗ್ತಿತ್ತು."

ಅವಳಿಗೆ ಕೋಪ ಬರಬೇಕಿತ್ತು. ಬಂದಿತು ಕೂಡ. ಆದರೆ ಅದರ ಹಿಂದೆಯೇ, ಒಂದೇ ಕಲ್ಲನ್ನು ಎರಡು ಊರುಗಳಲ್ಲಿ ಒಬ್ಬೊಬ್ಬರೇ ಹೊತ್ತು ನಿಂತಿದ್ದ ಇಬ್ಬರು ಮೂರ್ಖರ ಚಿತ್ರ ಕಣ್ಣೆದುರು ನಿಂತು, ಅವಳು ಅವನ ತೋಳಿಗೆ ಹಣೆಯಾನಿಸಿ ಸದ್ದಿಲ್ಲದೆ ಅತ್ತಳು.

ವಿಮಾನ ಕೆಳಗಿಳಿಯತೊಡಗಿತು. ಪೊನ್ನು ಕಿವಿ ಹಿಡಿದುಕೊಂಡು ಮುಲುಗಿದಳು.

ಷೈಬಿ ಕಣ್ಣೊರೆಸಿಕೊಂಡು ಮಗುವಿನ ಎದುರು ಬಾಗಿದಳು. ಇನ್ನು ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದಳು.

"ಪೊನ್ನೂ, ನಾವು ತಪ್ಪು ಮಾಡಿದ್ವಿ. ನೀನು ಮಲಗಿದ್ದಾಗ ಹೋದ್ವಿ. ಅಮ್ಮಚ್ಚಿ ದೂರ ಇದ್ದಾರೆ, ಇವತ್ತು ಬರಲ್ಲ. ಅಳು ಬಂದ್ರೆ ಅಳು. ನೀನು ಜೋಜೋ ಮಾಡಬೇಡ. ನಾವೇ ಜೋಜೋ ಮಾಡ್ತೀವಿ. ನೀನು ಹಾಲು ಕುಡೀತಾ ನಮ್ಮನ್ನ ಕಾಯಿ. ಎದ್ದು ಹೋಗ್ತೀವಾ ಅಂತ ನೋಡ್ತಿರು."

ಮಗು ಇಬ್ಬರನ್ನೂ ಬಹಳ ಹೊತ್ತು ಪರೀಕ್ಷಿಸಿತು.

"ಕಣ್ಣು ಮುಚ್ಚು," ಎಂದಿತು. "ನೀನೂ," ಎಂದು ಎಲ್ದೋನ ಕಡೆ ತಿರುಗಿತು.

ಇಬ್ಬರೂ ಕಣ್ಣು ಮುಚ್ಚಿದರು. ಇಂಜಿನ್ನಿನ ಮೊರೆತದ ನಡುವೆ ಮೊದಲು ಏನೂ ಕೇಳಿಸಲಿಲ್ಲ. ಪುಟ್ಟ ಕೈಯೊಂದು ಷೈಬಿಯ ಕೆನ್ನೆಯನ್ನು ಒತ್ತಿ ನೋಡಿತು. ಬಳಿಕ ಒಂದು ಗುಟುಕಿನ ಸದ್ದು... ಮತ್ತೊಂದು...

ಎಲ್ದೋನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿ ಹಿಡಿದವು.

"ಇಚ್ಚಾಯ," ಅವಳು ಗಂಡನನ್ನು ಹಳೆಯ ಸಲುಗೆಯಲ್ಲಿ ತುಟಿಯಲ್ಲೇ ಕರೆದಳು, "ಬ್ರಿಸ್ಟಲಿಗೆ ಹೋಗಲೇಬೇಕಾ?"

"ಹೋಗೋಕೆ ಇವಳು ಬಿಡಬೇಕಲ್ಲ."

"ನನ್ನನ್ನ ಅಮ್ಮ ಅಂತ ಕರೆಯೋಕೆ ಇವಳಿಗೆ ಇನ್ನೂ ಎಷ್ಟು ದಿನ ಬೇಕೋ..."

"ಎಷ್ಟಾದ್ರೂ ತಗೊಳ್ಳಲಿ. ಕಣ್ಣು ಬಿಡಬೇಡ, ಕುಡೀತಿದ್ದಾಳೆ."